ಸೌತೆಕಾಯಿಯ ವಾಕಿಂಗು

ದಯವಿಟ್ಟು ಇನ್ನು ಯಾರೂ ನನಗೆ ಫೋನ್ ಮಾಡಿ, "ಟೀಚರೇ, ಸೌತೆಕಾಯಿ ತಿಂದರೆ ಶುಗರ್ ಇಳೀತದಂತೆ, ಹೌದಾ?" ಎಂದು ಕೇಳಬೇಡಿ. ಒಂದು ವಾರದಲ್ಲಿ ಇದು ಹನ್ನೊಂದನೆಯ ಫೋನು. ನಿನ್ನೆ ವಾಮದಪದವಿನ ಕಾಯಿನ್ ಬೂತಿನಿಂದ ಒಬ್ಬರು ಮಾಡಿ, ಸಿಪ್ಪೆ ತೆಗೆಯಬೇಕಾ ಬೇಡವಾ ಎಂದು ವಿಚಾರಿಸಿದರು. (ಬೀಜದ ವಿಷಯಕ್ಕೆ ಬರುವಷ್ಟರಲ್ಲಿ ಅವರ ಕಾಯಿನ್ ಮುಗಿಯಿತು. ಬಚಾವ್.)

ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ನನ್ನ ಶುಗರ್ ಇಳಿದದ್ದು ಹೌದು. ಅದಕ್ಕೆ ಸೌತೆಕಾಯಿ ಕಾರಣ ಎಂದು ಡಾಕ್ಟರ ಎದುರು ಬಾಯಿ ತಪ್ಪಿ ಹೇಳಿದ್ದೂ ಹೌದು. ಬಾಗಿಲ ಹತ್ತಿರ ನಿಂತಿದ್ದ ಕಂಪೌಂಡರ್ ಅದನ್ನು ಊರಿಗೆಲ್ಲ ಹಂಚಿದ್ದೂ ಹೌದು. ಆದರೆ ಸೌತೆಕಾಯಿ ತಿಂದು ಇಳಿಸಿದ್ದಲ್ಲ. ಹೊತ್ತು ಇಳಿಸಿದ್ದು.

ಫೆಬ್ರವರಿಯಲ್ಲಿ ಡಾಕ್ಟರು ನನ್ನ ರಿಪೋರ್ಟು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ವಿಷಯ ಸೀರಿಯಸ್ ಎಂದು ನಮ್ಮ ಪೇಟೆಗೇ ಗೊತ್ತು. ಮಾತ್ರೆ ಸಾಲುತ್ತಿಲ್ಲ, ಮೂರು ತಿಂಗಳು ಟೈಮ್ ಕೊಡುತ್ತೇನೆ, ದಿನಾ ಮುಕ್ಕಾಲು ಗಂಟೆ ನಡೆಯಿರಿ, ಇಲ್ಲದಿದ್ದರೆ ಹೊಟ್ಟೆಗೆ ಸೂಜಿ, ದಿನಕ್ಕೆ ಎರಡು ಸಲ ಎಂದರು. ನನಗೆ ಸೂಜಿ ಎಂದರೆ ಜೀವ ಹೋಗುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಕೊಡುವ ದಿನ ಸ್ಟಾಫ್ ರೂಮಿನಲ್ಲಿ ಅಡಗಿ ಕೂರುವ ಟೀಚರ್ ನಾನು. ನಗಬೇಡಿ.

ನಡೆಯುವುದು ಎಂತ ಮಹಾ ಕೆಲಸ ಎಂದುಕೊಂಡೆ. ಅಲ್ಲಿಯೇ ತಪ್ಪಿದ್ದು.

ನಮ್ಮದು ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯ ಸಣ್ಣ ಪೇಟೆ. ಇಲ್ಲಿ ಒಬ್ಬಳು ಹೆಂಗಸು ರಸ್ತೆಯಲ್ಲಿ ನಡೆಯುತ್ತಿದ್ದಾಳೆ ಎಂದರೆ ಅವಳಿಗೆ ಎಲ್ಲಿಗೋ ಹೋಗಲಿಕ್ಕುಂಟು ಎಂದೇ ಅರ್ಥ. ಮದುವೆಗೆ, ಬ್ಯಾಂಕಿಗೆ, ರೇಷನಿಗೆ, ಉತ್ತರಕ್ರಿಯೆಯ ಊಟಕ್ಕೆ. ಎಲ್ಲಿಗೂ ಹೋಗಲಿಕ್ಕಿಲ್ಲದೆ ಬರಿದೇ ನಡೆಯುವವರು ಎರಡೇ ಬಗೆ. ಒಂದೋ ತಲೆ ಕೆಟ್ಟಿರಬೇಕು, ಇಲ್ಲವೇ ಮನೆಯಲ್ಲಿ ಜಗಳವಾಗಿರಬೇಕು.

ಮೊದಲ ದಿನ ಸಂಜೆ ಶಾಲೆ ಬಿಟ್ಟ ಮೇಲೆ ಹೊರಟೆ. ಇನ್ನೂರು ಹೆಜ್ಜೆ ಹಾಕಿರಲಿಲ್ಲ, ಸರ್ವಿಸ್ ಜೀಪಿನ ಲೋಕೇಶ (ನನ್ನದೇ ಹಳೆಯ ಶಿಷ್ಯ, ಏಳನೆಯ ಕ್ಲಾಸಿನಲ್ಲಿ ಎರಡು ವರ್ಷ ಕೂತವನು) ಬ್ರೇಕ್ ಹಾಕಿದ. "ಟೀಚರೇ, ಎಲ್ಲಿಗೆ? ಹತ್ತಿ." ಎಲ್ಲಿಗೂ ಇಲ್ಲ ಎಂದೆ. ಅವನು ಎಂಜಿನ್ ಆಫ್ ಮಾಡಿದ. ಒಳಗೆ ಒತ್ತಿಕೊಂಡು ಕೂತಿದ್ದ ಹದಿನಾಲ್ಕು ಜನ ಕುತ್ತಿಗೆ ಹೊರಗೆ ಹಾಕಿದರು. ಅಷ್ಟು ಕಣ್ಣುಗಳ ಎದುರು ಏನು ಹೇಳುವುದು? ಹತ್ತಿ ಕೂತೆ. ಮುಂದಿನ ಸ್ಟಾಪಿನಲ್ಲಿ ಇಳಿದು ತಿರುಗಿ ನಡೆದರೆ ಒಂದು ರಿಕ್ಷಾ. ಅದು ಹೋದರೆ ಬ್ಯಾಂಕಿನವರ ಸ್ಕೂಟರು. ಆ ವಾರ ನಾನು ನಡೆದದ್ದಕ್ಕಿಂತ ಕೂತದ್ದೇ ಹೆಚ್ಚು. ನಾಲ್ಕನೆಯ ದಿನ ಮೂಡುಬಿದಿರೆಯಿಂದ ನಾದಿನಿಯ ಫೋನು ಬಂತು. ಮನೆಯಲ್ಲಿ ಎಲ್ಲ ಸರಿ ಉಂಟಲ್ಲ ಅತ್ತಿಗೆ, ಅಣ್ಣ ಏನಾದರೂ ಹೇಳಿದರಾ ಎಂದು.

ಪ್ರೀತಿ ಮಾರಾಯರೇ, ಎಲ್ಲ ಪ್ರೀತಿ. ಸಿಟ್ಟು ಮಾಡುವ ಹಾಗೂ ಇಲ್ಲ. ಆದರೆ ಇಷ್ಟು ಪ್ರೀತಿ ಇದ್ದರೆ ನನಗೆ ಸೂಜಿ ಗ್ಯಾರಂಟಿ ಅಲ್ಲವಾ?

ಆಗ ಹೊಳೆದದ್ದು ಸೌತೆಕಾಯಿ. ಸಿಪ್ಪೆ ಸಮೇತ ಕಚ್ಚಿ ತಿನ್ನುವ ಎಳೆ ಮುಳ್ಳುಸೌತೆ ಅಲ್ಲ. ಹಳದಿ ಪಟ್ಟೆಯ ಸಾಂಬಾರು ಸೌತೆ. ಮಳೆಗಾಲಕ್ಕೆ ಬೇಕು ಎಂದು ನಾವೆಲ್ಲ ಬಾಳೆನಾರಿನಲ್ಲಿ ಕಟ್ಟಿ ಮನೆಯ ಮಾಡಿನ ಜಂತಿಗೆ ನೇತು ಹಾಕುತ್ತೇವಲ್ಲ, ಅದು. ಒಂದನ್ನು ಬಿಚ್ಚಿ ಬಟ್ಟೆಯ ಚೀಲಕ್ಕೆ ಹಾಕಿಕೊಂಡೆ. ಕೈಯಲ್ಲಿ ಭಾರದ ಚೀಲ ಇದ್ದರೆ ಹೆಂಗಸು ಕೆಲಸದ ಮೇಲೆ ಹೊರಟಿದ್ದಾಳೆ ಎಂದಾಯಿತು. ಎಲ್ಲಿಗೆ ಎಂದು ಕೇಳಿದರೆ, ಒಬ್ಬರಿಗೆ ಸೌತೆಕಾಯಿ ಕೊಡಲಿಕ್ಕುಂಟು. ಯಾರಿಗೆ ಎಂದು ಯಾರೂ ಕೇಳುವುದಿಲ್ಲ. ಅಷ್ಟು ಮರ್ಯಾದೆ ನಮ್ಮವರಿಗೆ ಉಂಟು.

ಒಂದೇ ತೊಂದರೆ. ಚೀಲ ನೋಡಿ ಲಿಫ್ಟ್ ಕೊಡುವವರು ಇಮ್ಮಡಿಯಾದರು. ಪಾಪ, ಟೀಚರ್ ಭಾರ ಹೊತ್ತಿದ್ದಾರೆ!

ಉಳಿದದ್ದು ಪಾರ್ಕು. ಹೌದು, ನಮ್ಮ ಪೇಟೆಯಲ್ಲಿ ಒಂದು ಪಾರ್ಕು ಉಂಟು. ನೀರಿನ ಟ್ಯಾಂಕಿಯ ಪಕ್ಕ, ನಾಲ್ಕು ಸಿಮೆಂಟ್ ಬೆಂಚು, ಒಂದು ಜಾರುಬಂಡಿ, ಕೊಂಬು ಮುರಿದ ಒಂದು ಕಾಂಕ್ರೀಟ್ ಜಿಂಕೆ. ಉದ್ಘಾಟನೆಯ ದಿನ ಊರಿಡೀ ಬಂದು ಲಾಡು ತಿಂದಿತ್ತು. ಮರುವಾರ ದನಗಳು ಬಂದು ಹೂವಿನ ಗಿಡ ತಿಂದವು. ಅಂದಿನಿಂದ ಗೇಟಿಗೆ ಬೀಗ. ಕೀ ಎದುರಿನ ಮೋನಾಕನ ದಿನಸಿ ಅಂಗಡಿಯಲ್ಲಿ. ಬೇಕಾದವರು ಕೇಳಿ ತೆಗೆದುಕೊಳ್ಳಬಹುದು. ಆದರೆ ಕೇಳಿದರೆ ಮೋನಾಕ ತಕ್ಕಡಿಯಿಂದ ತಲೆ ಎತ್ತಿ, ಎಂತ ಕೆಲಸ ಉಂಟು ಎಂದು ಕೇಳುತ್ತಾರೆ. ಪಾರ್ಕಿನಲ್ಲಿ ಯಾರಿಗೆ ಎಂತ ಕೆಲಸ ಇರುತ್ತದೆ, ನೀವೇ ಹೇಳಿ. ಹಾಗಾಗಿ ಯಾರೂ ಕೇಳುತ್ತಿರಲಿಲ್ಲ.

ನಾನು ಕೇಳಿದೆ. ಮಕ್ಕಳಿಗೆ ಪಾಠಕ್ಕೆ ಬೇಕು, ಗಿಡಗಳ ಪಟ್ಟಿ ಮಾಡಲಿಕ್ಕುಂಟು ಎಂದು ಮುಖ ಗಂಭೀರ ಮಾಡಿ ಸುಳ್ಳು ಹೇಳಿದೆ. ಎರಡನೆಯ ವಾರ, ಇನ್ನೂ ಮುಗಿಯಲಿಲ್ಲವಾ ಎಂದರು ಮೋನಾಕ. (ಒಳಗಿದ್ದದ್ದೇ ಒಂಬತ್ತು ಗಿಡ.) ಮೂರನೆಯ ವಾರದಿಂದ ಏನೂ ಕೇಳದೆ ಕೀ ಕೊಡತೊಡಗಿದರು. ಸರ್ಕಾರಿ ಕೆಲಸ ಅಲ್ಲವಾ, ನಿಧಾನ ಎಂದುಕೊಂಡಿರಬೇಕು.

ಒಳಗೆ ಕಂಪೌಂಡಿನ ಬುಡದಲ್ಲಿ ಸುತ್ತಲೂ ಹುಲ್ಲು ಸವೆದು ಒಂದು ಕಾಲುದಾರಿ ಇತ್ತು. ದನಗಳು ಮಾಡಿದ್ದು ಎಂದುಕೊಂಡೆ. ಯಾಕೆಂದರೆ ಹಿಂದಿನ ಕಂಪೌಂಡ್ ಎಂದೋ ಬಿದ್ದು ಹೋಗಿ, ದನಗಳು ಬೀಗದ ಹಂಗಿಲ್ಲದೆ ಬಂದು ಹೋಗುತ್ತಿದ್ದವು. ಚೀಲವನ್ನು ಬೆಂಚಿನ ಮೇಲಿಟ್ಟು ಆ ದಾರಿಯಲ್ಲೇ ಸುತ್ತು ಹಾಕುವುದು, ಮುಗಿದ ಮೇಲೆ ಚೀಲ ಎತ್ತಿಕೊಂಡು ಮನೆಗೆ ಬರುವುದು, ಸೌತೆಕಾಯಿಯನ್ನು ಮತ್ತೆ ಮಾಡಿಗೆ ನೇತು ಹಾಕುವುದು. ಮರುದಿನ ಮತ್ತೆ ಅದೇ ಸೌತೆಕಾಯಿ. ಒಂದು ದಿನ ಜ್ವರ ಎಂದು ಮಲಗಿದರೆ ನಮ್ಮ ಯಜಮಾನರು ಮಾಡಿನ ಕಡೆ ನೋಡಿ, ಇವತ್ತು ಅದಕ್ಕೂ ರಜೆಯಾ ಎಂದರು.

ಹೀಗೆ ಎರಡೂವರೆ ತಿಂಗಳು ದಾಟಿತು. ಡಾಕ್ಟರು ಕೊಟ್ಟ ವಾಯಿದೆಗೆ ಹದಿನೈದು ದಿನ ಇರುವಾಗ, ಒಂದು ಸಂಜೆ ಗಡಿಬಿಡಿಯಲ್ಲಿ ಚೀಲವನ್ನು ಬೆಂಚಿನಲ್ಲೇ ಬಿಟ್ಟು ಬಂದೆ. ಮರುದಿನ ಹೋಗಿ ನೋಡಿದರೆ ಚೀಲ ಇಲ್ಲ. ಸೌತೆಕಾಯಿ ಹೋದದ್ದಕ್ಕೆ ಯಾರಾದರೂ ಬೇಜಾರು ಮಾಡುತ್ತಾರಾ? ನಾನು ಮಾಡಿದೆ. ಅದಿಲ್ಲದೆ ಇನ್ನು ದಿನಾ ಹೇಗೆ ನಡೆಯುವುದು ಎಂದು ಬೆಂಚಿನ ಕೆಳಗೆಲ್ಲ ಹುಡುಕಿದೆ.

ಕೀ ವಾಪಸು ಕೊಡಲು ಬಂದಾಗ ಅಂಗಡಿಯ ಹಿಂದಿನ ಮನೆಯಿಂದ ಮೋನಾಕನ ಹೆಂಡತಿ ಐಸಮ್ಮ ಕರೆದರು. ನನಗಿಂತ ಐದಾರು ವರ್ಷ ದೊಡ್ಡವರು, ಮಾತು ಕಡಿಮೆ. ನನ್ನ ಚೀಲ ಅವರ ಜಗಲಿಯಲ್ಲಿ ಮಡಚಿ ಇಟ್ಟಿತ್ತು. ಪಕ್ಕದಲ್ಲಿ ಮುಚ್ಚಳ ಹಾಕಿದ ಒಂದು ಸ್ಟೀಲ್ ಡಬ್ಬಿ. ತೆರೆದೆ. ಒಣ ಸಿಗಡಿ ಹಾಕಿದ ಸೌತೆಕಾಯಿ ಪದಾರ್ಥ!

"ಬೇಜಾರು ಮಾಡ್ಬೇಡಿ ಟೀಚರ್," ಎಂದರು ಐಸಮ್ಮ, ಅವರ ಬ್ಯಾರಿ ರಾಗದ ತುಳುವಿನಲ್ಲಿ. "ನಿಮ್ಮ ಚೀಲದಿಂದ ಇಣುಕುವ ಕಪ್ಪು ಮಚ್ಚೆಯ ಆ ಸೌತೆಯನ್ನು ನಾನು ಶಿವರಾತ್ರಿಯಿಂದ ನೋಡ್ತಾ ಇದ್ದೇನೆ. ಇನ್ನು ಸಾಕು ಅಂತ ಕೊಯ್ದುಬಿಟ್ಟೆ."

ನನ್ನ ಮುಖ ಹೇಗಾಗಿತ್ತೋ ಏನೋ. ನಾಚಿಕೆಯಿಂದ ನೆಲ ನೋಡಿದೆ. ಅಲ್ಲಿ ಜಗಲಿಯ ಮೂಲೆಯಲ್ಲಿ ಒಂದು ಬುಟ್ಟಿ, ಬುಟ್ಟಿಯಲ್ಲಿ ಹಲಸಿನ ಸೊಪ್ಪು, ಮೇಲೊಂದು ಕತ್ತಿ. ಮಾತು ತಪ್ಪಿಸಲು, ಆಡು ಸಾಕಿದ್ದೀರಾ ಎಂದು ಕೇಳಿದೆ.

ಐಸಮ್ಮ ಅಂಗಡಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಹೇಳಿದರು. "ಆಡು ಇಲ್ಲ ಟೀಚರ್. ಕಳೆದ ವರ್ಷದ ಬಕ್ರೀದಿಗೇ ಮಾರಿ ಆಗಿದೆ."

ಮಧ್ಯಾಹ್ನ ಮೋನಾಕ ಊಟ ಮಾಡಿ ಮಲಗಿದ ಮೇಲೆ, ಎರಡು ಗಂಟೆಗೆ, ಮೊಳೆಯಲ್ಲಿದ್ದ ಕೀ ತೆಗೆದುಕೊಂಡು, ಬುಟ್ಟಿ ಹಿಡಿದು ಪಾರ್ಕಿಗೆ ಹೋಗುತ್ತಾರಂತೆ. ಯಾರಾದರೂ ನೋಡಿದರೆ ಆಡಿಗೆ ಸೊಪ್ಪು. ಆ ಉರಿಬಿಸಿಲಿನಲ್ಲಿ ನೋಡುವವರು ಯಾರೂ ಇರುವುದಿಲ್ಲ ಎಂದೇ ಆ ಹೊತ್ತು. ಕಂಪೌಂಡಿನ ಬುಡದಲ್ಲಿ ಅವರು ಸುತ್ತು ಹಾಕಲು ಶುರು ಮಾಡಿ ಒಂದು ವರ್ಷ ದಾಟಿದೆ. ಅವರಿಗೂ ಶುಗರು. ಅವರ ಅಕ್ಕನಿಗೆ ಮೊದಲು ಕಾಲಿನ ಹೆಬ್ಬೆರಳು ತೆಗೆದರು, ಆಮೇಲೆ ಪಾದ. ಬೆರಳು ತೆಗೆದ ದಿನ ಆಸ್ಪತ್ರೆಯಲ್ಲಿ ಅಕ್ಕನನ್ನು ನೋಡಿ ಬಂದ ಐಸಮ್ಮ ಮರುದಿನ ಮಧ್ಯಾಹ್ನವೇ ನಡೆಯಲು ಹೋದರಂತೆ.

ಅಂದರೆ ಆ ಕಾಲುದಾರಿ ದನಗಳದ್ದಲ್ಲ. ನಾನು ಇಷ್ಟು ದಿನ ನಡೆದದ್ದು ಐಸಮ್ಮನ ದಾರಿಯಲ್ಲಿ.

ನನಗೆ ಅಳು ಬಂತು. ಜೊತೆಗೆ ಕೆಟ್ಟ ಸಿಟ್ಟೂ ಬಂತು. ನನಗೊಂದು ಮಾತು ಹೇಳಬಾರದಿತ್ತಾ, ಒಟ್ಟಿಗೆ ಹೋಗುತ್ತಿದ್ದೆವಲ್ಲ ಎಂದೆ.

"ನೀವು ಗಿಡದ ಪಟ್ಟಿ ಮಾಡ್ಲಿಕ್ಕೆ ಬರುವುದಲ್ಲವಾ?" ಎಂದರು ಐಸಮ್ಮ. ನಗಲಿಲ್ಲ. ಕಣ್ಣು ಮಾತ್ರ ನಗುತ್ತಿತ್ತು.

ಅಷ್ಟು ಹೊತ್ತಿಗೆ ಅಂಗಡಿಯ ಹಿಂದಿನ ಬಾಗಿಲಲ್ಲಿ ಮೋನಾಕ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ ಗೊತ್ತಿಲ್ಲ. ಬುಟ್ಟಿ ನೋಡಿದರು, ಹೆಂಡತಿಯನ್ನು ನೋಡಿದರು, ಬಿಸಿಲಿಗೆ ಕಪ್ಪಾದ ಅವರ ಕೈ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಬೀಗ ಹಾಕಿದ್ದು ದನಗಳಿಗೆ, ಟೀಚರೇ."

ಅವರ ತಪ್ಪಲ್ಲ. ಎಂತ ಕೆಲಸ ಎಂದು ಕೇಳುವುದು ನಮ್ಮಲ್ಲಿ ಚಾ ಕುಡಿದಿರಾ ಎಂದು ಕೇಳಿದ ಹಾಗೆ. ಕೇಳದಿದ್ದರೆ ಅಹಂಕಾರ ಎನ್ನುತ್ತೇವೆ. ಇನ್ನೂ ಹೇಳಬೇಕೆಂದರೆ, ಲೋಕೇಶ ಒಂದು ದಿನ ಜೀಪು ನಿಲ್ಲಿಸದೆ ಹೋಗಿದ್ದರೆ ನಾನೇ ಮನೆಗೆ ಬಂದು, ಓದಿಸಿದ ಟೀಚರಿನ ನೆನಪೂ ಇಲ್ಲ ಇವನಿಗೆ ಎಂದು ಬೈಯುತ್ತಿದ್ದೆ. ಆದರೆ ದನಗಳು ಆರಾಮಾಗಿ ಒಳಗೆ ಮೆಲುಕು ಹಾಕುತ್ತಿದ್ದದ್ದು, ನಾವು ಇಬ್ಬರು ಹೆಂಗಸರು ಸುಳ್ಳು ಸೌತೆ, ಸುಳ್ಳು ಸೊಪ್ಪು ಹಿಡಿದು ಕಳ್ಳರ ಹಾಗೆ ಹೋಗಿ ಬಂದದ್ದು ಮಾತ್ರ ಸತ್ಯ.

ಮರುದಿನ ನೋಡುತ್ತೇನೆ, ಕೀ ಅಂಗಡಿಯ ಹೊರಗಿನ ಕಂಬದಲ್ಲಿ ನೇತಾಡುತ್ತಿದೆ. ಕೇಳುವ ಅಗತ್ಯ ಇಲ್ಲ. ಮೋನಾಕ ನನ್ನನ್ನು ಕಂಡೂ ಕಾಣದ ಹಾಗೆ ಬೆಲ್ಲ ತೂಗುತ್ತಿದ್ದರು.

ಹದಿನೈದು ದಿನ ಕಳೆದು ಐಸಮ್ಮನನ್ನೂ ಕರೆದುಕೊಂಡೇ ಡಾಕ್ಟರಲ್ಲಿಗೆ ಹೋದೆ. ನನಗೆ ಸೂಜಿ ಬೇಡ ಎಂದರು. ಐಸಮ್ಮನ ಪಾದಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಏನೂ ತೊಂದರೆ ಇಲ್ಲ, ಆದರೆ ಮಧ್ಯಾಹ್ನದ ಬಿಸಿಲು ಬಿಡಬೇಕು ಎಂದರು. ಹೊರಗೆ ಬಂದ ಮೇಲೆ ಐಸಮ್ಮ ಮೆಟ್ಟಿಲಲ್ಲಿ ಕೂತು ಸ್ವಲ್ಪ ಹೊತ್ತು ತನ್ನ ಕಾಲನ್ನೇ ನೋಡಿದರು. ನಾನೂ ಪಕ್ಕದಲ್ಲಿ ಕೂತೆ.

ಈಗ ಸಂಜೆ ಐದೂವರೆಗೆ ಇಬ್ಬರೂ ಪಾರ್ಕಿನಲ್ಲಿ ಇರುತ್ತೇವೆ. ಕೈಯಲ್ಲಿ ಏನೂ ಇಲ್ಲ. ಮೊದಲ ಎರಡು ದಿನ ಕೈಗಳನ್ನು ಎಲ್ಲಿಡುವುದು ಎಂದೇ ತಿಳಿಯಲಿಲ್ಲ. ಮೊನ್ನೆ ಲೋಕೇಶ ಗೇಟಿನ ಎದುರು ಜೀಪು ನಿಲ್ಲಿಸಿ ತಲೆ ಹೊರಗೆ ಹಾಕಿದ. ಅದೇ ಪ್ರಶ್ನೆ, ಎಲ್ಲಿಗೆ ಟೀಚರೇ? ನಾನು ಬಾಯಿ ತೆರೆಯುವ ಮೊದಲೇ ಐಸಮ್ಮ ಹೇಳಿದರು. "ಎಲ್ಲಿಗೂ ಇಲ್ಲ ಮಗಾ. ಸುಮ್ಮನೆ."

ಅವನು ತಲೆ ಆಡಿಸಿ ಹೋದ. ಮರುದಿನ ಅವನ ತಾಯಿ ಬಂದರು. ನಮ್ಮ ಜೊತೆ ಎರಡು ಸುತ್ತು ಹಾಕಿದರು. ಕೈಯಲ್ಲಿ ಒಂದು ಚೀಲ ಇತ್ತು.

ಅದರಲ್ಲಿ ಎಂತ ಉಂಟು ಎಂದು ನಾವು ಕೇಳಲಿಲ್ಲ. ಆದರೆ ನಿಮ್ಮನ್ನು ಕೇಳಬಹುದಲ್ಲ? ಹೇಳಿ, ನಿಮ್ಮ ಚೀಲದಲ್ಲಿ ಎಂತ ಉಂಟು?