ಗೌಡರ ಅಂಗೈ ಕೆಳಗಿನ ಕಾರಣ

ಇಂಡಿ ತಾಲೂಕಿನ ಹಳ್ಳಿಗಳಲ್ಲಿ ಸಾವಿನ ದಫ್ತರ ತಪಾಸು ಮಾಡುವುದು ಆಗ ನನ್ನ ನೌಕರಿ. ಸೈಕಲ್ ತುಳಿದು ದಣಿದಿದ್ದೆ. ಒಂದೂರಿನ ಗೌಡರು ಕೊಟ್ಟ ತಂಬಿಗೆ ನೀರನ್ನು ಗಟಗಟ ಕುಡಿದೆ. ಗೌಡಕಿಯವರಾಗಿ ಅವರೇ ಬರೆದಿಡುತ್ತಿದ್ದ ಊರಿನ ದಫ್ತರ ತೆಗೆದರೆ ಆ ವಾರ ಮೂರು ಸಾವು, ಮೂರೂ ಅವರ ಮನೆಯವೇ. ಕಾರಣ ಬರೆದ ಕಡೆ ಗೌಡರು ಅಂಗೈ ಇಟ್ಟರು.

“ಹೆಸರು ಬರಕೋರಿ. ಕಾರಣ ಮನಿತನದ ಮಾತು. ಹೊರಗ ಬಿದ್ರ ಮಗಳ ಲಗ್ನ ಮುರೀತೈತಿ.”

“ನೋಡಬೇಕಂತ ಸರ್ಕಾರದ ಹುಕುಂ ಐತ್ರಿ,” ಎಂದು ದನಿ ಏರಿಸಿದೆ.

ಕೈ ತೆಗೆದರು. ಮೂರೂ ಹೆಸರಿನ ಮುಂದೆ ‘ಕಾಲರಾ’. ನನ್ನ ಕಣ್ಣು ಖಾಲಿ ತಂಬಿಗೆಯತ್ತ ಹೋಯಿತು.

“ಈ ನೀರು ಎಲ್ಲೀದ್ರಿ?”

“ನಮ್ಮ ಬಾವೀದ್ರಿ.”

ಅವತ್ತೇ ತಾಲೂಕಿಗೆ ವರದಿ ಮುಟ್ಟಿಸಿದೆ. ಮೂರು ದಿನ ಹೊಟ್ಟೆ ಗುಡುಗುಡು ಅಂದಾಗಲೆಲ್ಲ ಜೀವ ಹೋಗಿ ಬರುತ್ತಿತ್ತು. “ಏನಾಗೈತ್ರಿ?” ಎಂದು ಹೆಂಡತಿ ಕೇಳಿದಾಗ, ಗೌಡರ ಹಾಗೆಯೇ ಅಂಗೈ ಅಡ್ಡ ಇಟ್ಟೆ, ಹೊಟ್ಟೆಯ ಮೇಲೆ.