ಬನದ ಬಾಯಲ್ಲಿ ಇಟ್ಟ ಅಕ್ಕಚ್ಚು

ಅಂದು ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ದೇವರ ದೀಪ ತಿಕ್ಕುತ್ತಿದ್ದೆ. ನಮ್ಮ ಮನೆಯವರು ಫಾರೆಸ್ಟ್ ಗಾರ್ಡ್ ಒಬ್ಬರನ್ನು ಕರೆದುಕೊಂಡು ಅಂಗಳಕ್ಕೆ ಬಂದರು.

"ಅಕ್ಕ, ಕುದುರೆ ಹಿಡಿಯೋದು ಇವತ್ತೇ. ನೀವು ಬಕೆಟ್ ಹಿಡ್ಕಂಡು ಮುಂದೆ ನಡೀಬೇಕು. ನಮ್ಮನ್ನ ಕಂಡ್ರೆ ಓಡ್ತವೆ," ಎಂದರು ಗಾರ್ಡು.

ದೀಪ ಕೆಳಗಿಟ್ಟೆ. ಹಿಂದಿನ ವಾರವಷ್ಟೇ ಗಂಡುಕುದುರೆ ಒದ್ದು, ಹಿಡಿಯಲು ಹೋದವರೊಬ್ಬರ ಮುಂಗೈ ಮುರಿದಿತ್ತು.

ಆದರೆ ತಪ್ಪು ನನ್ನದೇ. ಹಿನ್ನೀರಿನ ದಂಡೆಯಲ್ಲಿ ಪ್ರವಾಸಿಗರನ್ನು ಕುದುರೆ ಮೇಲೆ ಕೂರಿಸಿ ತಿರುಗಿಸುತ್ತಿದ್ದವನೊಬ್ಬ ಕೊರೋನಾ ಕಾಲದಲ್ಲಿ ಸಾಕಲಾಗದೆ ನಾಲ್ಕನ್ನು ಬಿಟ್ಟುಹೋದ. ಅವು ಮರಿಹಾಕಿ ಹಿಂಡಾದವು, ನಮ್ಮ ಹಿತ್ತಿಲಿಗೂ ಬಂದವು. ಬಾಗಿಲಿಗೆ ಬಂದ ಮೂಕ ಜೀವಕ್ಕೆ ಅಕ್ಕಿ ತೊಳೆದ ಅಕ್ಕಚ್ಚು ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಬಸಳೆ ಚಪ್ಪರ ಉಳಿಯಲಿ ಎಂದು ಬಕೆಟ್ಟನ್ನು ದೂರ, ಚೌಡಿ ದೇವಿಯ ಬನದ ಬಾಯಲ್ಲಿ ಇಡತೊಡಗಿದೆ. ಅವು ಬನದೊಳಗೆ ಹೋಗುವುದನ್ನು ಕಲಿತದ್ದು ಹಾಗೆ. ಒಣಕಡ್ಡಿಯನ್ನೂ ನಾವು ಮನೆಗೆ ತರದ ಜಾಗ ಅದು. ಗೊರಸು ತುಳಿದು ಅಲ್ಲಿಯ ಒರತೆ ಕೆಸರಾಯಿತು. ಜೌಗಿನ ಹಳೆಯ ಮರಗಳ ಬುಡದಲ್ಲಿ ಒಂದು ಸಸಿಯೂ ಮೇಲೇಳಲಿಲ್ಲ. ಚೌಡಮ್ಮನಿಗೆ ಎಷ್ಟು ಸಿಟ್ಟು ಬಂದಿದೆಯೋ ಎಂದು ನಾನು ದಿನಾ ಹೆದರುತ್ತಿದ್ದೆ.

"ಕೊಲ್ಲಲ್ಲ ತಾನೇ?" ಎಂದು ಕೇಳಿದೆ.

"ಇಲ್ಲ ಅಕ್ಕ. ಗಂಡಿಗೆ ಆಪರೇಷನ್ ಮಾಡ್ಸಿ, ಎಲ್ಲಾನೂ ಸಾಕೋರ ಹತ್ರ ಕಳಿಸ್ತೀವಿ."

"ನೀವೇ ಹೋಗಿ," ಎಂದೆ ಮನೆಯವರಿಗೆ.

"ನಾ ಕರೆದ್ರೆ ನಮ್ಮನೆ ಎಮ್ಮೆನೂ ತಿರುಗಿ ನೋಡಲ್ಲ ಮಾರಾಯ್ತಿ!"

ನಗು ಬರಲಿಲ್ಲ. ಬನದ ಪಕ್ಕ ಬಿದಿರು ಗಳದ ದೊಡ್ಡಿ ಕಟ್ಟಿದ್ದರು. ಆಚೆ ತುದಿಯಲ್ಲಿ ಒಬ್ಬರು ಅಡ್ಡಡ್ಡ ನುಸುಳುವಷ್ಟು ಸಂದಿ. ಬನದ ಬಾಯಿಂದ ಅಕ್ಕಚ್ಚಿನ ಬಕೆಟ್ ಹಿಡಿದು ದೊಡ್ಡಿಯೊಳಗೆ ನಡೆದೆ. ಹಿಂದೆ ಗೊರಸಿನ ಸದ್ದು. ತಿರುಗಿ ನೋಡಬೇಡಿ ಎಂದಿದ್ದರು. ಕತ್ತಿನ ಮೇಲೆ ಬಿಸಿ ಉಸಿರು ಬಿತ್ತು. ಹೆಣ್ಣೋ, ಆ ಗಂಡೋ ತಿಳಿಯಲಿಲ್ಲ. ಬಕೆಟ್ ಇಟ್ಟು ಸಂದಿಯಲ್ಲಿ ನುಸುಳಿದರೆ ಸೆರಗು ಗಳಕ್ಕೆ ಸಿಕ್ಕಿಕೊಂಡಿತು. ಅರ್ಧ ಮೈ ಒಳಗೆ, ಅರ್ಧ ಹೊರಗೆ. ಆಗಲೇ ಹಿಂದೆ ಬಾಗಿಲು ಹಾಕಿದ ಸದ್ದಿಗೆ ಗಂಡು ಕೆನೆದು ಹಿಂಗಾಲ ಮೇಲೆ ಎದ್ದುನಿಂತಿತು. "ಅಮ್ಮಾ ಚೌಡಮ್ಮಾ" ಎಂದು ಕೂಗಿ ಎಳೆದೆ. ಸೀರೆ ಪರ್ರನೆ ಹರಿಯಿತು, ನಾನು ಹೊರಗೆ ಬಿದ್ದೆ. ನಾನಿದ್ದ ಜಾಗದ ಗಳಕ್ಕೆ ಒದೆ ಬಿತ್ತು.

ಹರಿದದ್ದು ಸೀರೆ ಮಾತ್ರ. ಹಿಂಡು ಪೂರ್ತಿ ಒಳಗೆ ಸಿಕ್ಕಿತ್ತು, ಒಂದು ಮರಿಯೂ ತಾಯಿಯಿಂದ ಅಗಲಲಿಲ್ಲ. ಅಷ್ಟು ಮಾಡಿದಳು ಅಮ್ಮ. ಆದರೆ ಹೆಣ್ಣುಕುದುರೆಯೊಂದು ಗಳದ ಸಂದಿಯಿಂದ ನನ್ನ ಕಡೆಗೇ ಮೂತಿ ಚಾಚಿತು. ಉಣಿಸಿದ ಕೈಯಿಂದಲೇ ಹಿಡಿಸಿಕೊಟ್ಟೆನಲ್ಲ ಎಂಬ ಭಯ ಒದೆಯ ಭಯಕ್ಕಿಂತ ದೊಡ್ಡದಾಯಿತು. ಅದು ಇನ್ನೂ ಹೋಗಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನದ ಸಾರು ಮಾಡುವ ಹೊತ್ತಾಗಿತ್ತು. ಹೆಚ್ಚುವ ಮೆಟ್ಟುಗತ್ತಿಯ ಮುಂದೆ ಕೂರಲು ಧೈರ್ಯವಾಗಲಿಲ್ಲ. ತರಕಾರಿ ಬದಿಗಿಟ್ಟು ಬೆಳ್ಳುಳ್ಳಿ ಸುಲಿಯತೊಡಗಿದೆ.