ಜಯಮ್ಮನ ಮೂಗಿನ ರಿಪೋರ್ಟು

2015ರ ಬೇಸಿಗೆಯ ಒಂದು ಶುಕ್ರವಾರ ಬೆಳಗ್ಗೆ ಎಂಟಕ್ಕೆ ನಾನೂ ನನ್ನ ನಾದಿನಿ ಜಯಮ್ಮನೂ ವಿದ್ಯಾರಣ್ಯಪುರದಲ್ಲಿ ಬಸ್ಸು ಹತ್ತಿದೆವು. ಇಬ್ಬರಿಗೂ ದಿನದ ಪಾಸು ತೆಗೆದೆ. ಚೀಲದಲ್ಲಿ ಮೊಸರನ್ನ, ಎರಡು ಸೌತೆಕಾಯಿ. ಹೋಗಬೇಕಾದದ್ದು ಹೆಬ್ಬಾಳದ ಆಚೆಯ ಒಂದು ಪ್ರಯೋಗಾಲಯಕ್ಕೆ.

ಜಯಮ್ಮ ಆರ್.ಟಿ. ನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷದಿಂದ ಆಯಾ. ಅಲ್ಲಿ ಹುಟ್ಟಿದ ಎರಡು ಕೂಸುಗಳ ಮೈಮೇಲೆ ಕೀವುಗುಳ್ಳೆ ಎದ್ದವು. ಔಷಧಿಯಿಂದ ವಾಸಿಯೂ ಆಯಿತು. ಸೋಂಕು ಎಲ್ಲಿಂದ ಬಂತೆಂದು ತಿಳಿಯಲು ಆಯಾಗಳ, ಕಸ ಗುಡಿಸುವವರ ಮೂಗಿಗೆ ಹತ್ತಿಕಡ್ಡಿ ಹಾಕಿ ಪರೀಕ್ಷೆಗೆ ಕಳಿಸಿದರು. ಮೂರನೇ ದಿನ ಮ್ಯಾನೇಜರು ಎಲ್ಲರ ಮುಂದೆ ಜಯಮ್ಮನಿಗೆ, "ಮಕ್ಕಳಿಗೆ ಬಂದ ಬ್ಯಾಕ್ಟೀರಿಯಾನೇ ನಿಮ್ಮ ಮೂಗಲ್ಲಿದೆ, ನಾಳೆಯಿಂದ ಬರಬೇಡಿ" ಎಂದ. ಕಾಗದ ಕೊಡಲಿಲ್ಲ. ಅವಳಿಗೆ ಒಂದು ಸೀನೂ ಬಂದಿರಲಿಲ್ಲ. ಒಂದೂವರೆ ತಿಂಗಳು ಮನೆಯಲ್ಲಿ ಕೂತಳು. ನಾನೇನು ಕಡಿಮೆಯೇ? ಅವಳ ತಟ್ಟೆ ಲೋಟ ಬೇರೆ ಇಟ್ಟೆ. ನೋಡಿಯೂ ಅವಳು ಅದರಲ್ಲೇ ಉಂಡು ತೊಳೆದಿಟ್ಟಳು. ಕೊನೆಗೆ ಪರೀಕ್ಷೆ ಮಾಡಿದ ಪ್ರಯೋಗಾಲಯದಲ್ಲೇ ಕೇಳೋಣವೆಂದು ಹೊರಟಿದ್ದೆವು.

ಬಿಇಎಲ್ ಸರ್ಕಲ್ಲಿನಲ್ಲಿ ಇಳಿದು ರಿಂಗ್ ರಸ್ತೆಯ ಬಸ್ಸು ಹಿಡಿದೆವು. ಹೆಬ್ಬಾಳ ಫ್ಲೈಓವರಿನ ಬಳಿ ಮುಕ್ಕಾಲು ಗಂಟೆ ನಿಂತಲ್ಲೇ ನಿಂತೆವು. ತಗಡು ಕಾದು ಬಸ್ಸು ಒಲೆಯಾಗಿತ್ತು. ಮುಂದಿನ ಸೀಟಿನವನು ಒಂದೇ ಸಮನೆ ಸೀನುತ್ತಿದ್ದ. ಸೆರಗಿನಿಂದ ಮೂಗು ಮುಚ್ಚಿಕೊಂಡವಳು ಜಯಮ್ಮ, ತನ್ನಿಂದ ಅವನಿಗೇನಾದರೂ ಆದೀತೆಂದು.

ಪ್ರಯೋಗಾಲಯದಲ್ಲಿ ನಮಗಿಂತ ಚಿಕ್ಕ ವಯಸ್ಸಿನ ವಿಜ್ಞಾನಿಯೊಬ್ಬಳು ಜಯಮ್ಮನ ಗುರುತಿನ ಚೀಟಿ ನೋಡಿ, ಕಂಪ್ಯೂಟರಿನಲ್ಲಿ ಹುಡುಕಿ, ಹುಬ್ಬೇರಿಸಿದಳು.

"ಈ ರಿಪೋರ್ಟ್ ಕಳಿಸಿ ತಿಂಗಳಾಯ್ತು. ನಿಮಗೆ ಹೇಳ್ಲಿಲ್ವಾ?"

"ಏನಂತ ಮೇಡಂ?" ಜಯಮ್ಮ ಮೂಗಿನ ಮೇಲಿನ ಸೆರಗು ತೆಗೆಯದೆಯೇ ಕೇಳಿದಳು.

"ಮೊದಲ ಪರೀಕ್ಷೇಲಿ ಬರೀ ಬ್ಯಾಕ್ಟೀರಿಯಾದ ಹೆಸರು ಗೊತ್ತಾಗುತ್ತೆ. ಒಂದೇ ಹೆಸರಲ್ಲಿ ಹಲವು ತಳಿ ಇರ್ತವೆ. ಆಮೇಲೆ ಜೀನ್ ಹೋಲಿಸಿ ನೋಡಿದ್ವಿ. ಮಕ್ಕಳದ್ದೇ ಬೇರೆ ತಳಿ, ನಿಮ್ಮದೇ ಬೇರೆ. ಈ ಊರಲ್ಲಿ ಎಷ್ಟು ಜನ ಜಯಮ್ಮ ಇದ್ದಾರೆ? ಒಬ್ಬ ಜಯಮ್ಮ ಕದ್ರೆ ಎಲ್ಲರನ್ನೂ ಹಿಡಿಯೋಕಾಗುತ್ತಾ? ನಿಮ್ಮ ಮೂಗೊಂದರಲ್ಲೇ ಎರಡು ತಳಿ ಸಿಕ್ಕಿವೆ, ಎರಡೂ ಮಕ್ಕಳದ್ದಲ್ಲ."

"ಹಾಗಾದ್ರೆ ನಂಗೆ ಕಾಯಿಲೆ?"

"ಇಲ್ಲ ಅಮ್ಮ. ಆರೋಗ್ಯವಾಗಿರೋ ಎಷ್ಟೋ ಜನರ ಮೂಗಲ್ಲಿ ಇದು ಸುಮ್ಮನೆ ಇರುತ್ತೆ. ನನ್ನ ಮೂಗಲ್ಲೂ ಇದೆ."

ಅವಳು ಇಂಗ್ಲಿಷ್ ರಿಪೋರ್ಟಿನ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆದು ಸಹಿ ಹಾಕಿ ಕೊಟ್ಟಳು. ಹೊರಗೆ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ತಟ್ಟೆಯ ವಿಷಯ ತೆಗೆದು ತಪ್ಪಾಯಿತೆಂದೆ. "ನೀವು ಹೆದರಿದ್ರಿ ಅತ್ತಿಗೆ. ನರ್ಸಿಂಗ್ ಹೋಮಿನವರು ಗೊತ್ತಿದ್ದೂ ಸುಮ್ಮನಿದ್ರಲ್ಲ" ಎಂದಳು. ಡಬ್ಬಿ ಮುಚ್ಚಿ, ಈಗಲೇ ಅಲ್ಲಿಗೆ ಹೋಗೋಣವೆಂದು ಎದ್ದಳು.

ಎರಡೂವರೆಗೆ ಆರ್.ಟಿ. ನಗರ ತಲುಪಿದೆವು. ಮ್ಯಾನೇಜರು ಕಾಗದ ನೋಡಿದ. ಗಾಬರಿಯೂ ಆಗಲಿಲ್ಲ.

"ಹೌದು, ಬಂದಿತ್ತು. ಹೇಳೋದು ಮರ್ತುಹೋಯ್ತು. ಸೋಮವಾರದಿಂದ ಬನ್ನಿ, ಸುಮ್ನೆ ದೊಡ್ಡದು ಮಾಡ್ಬೇಡಿ."

ಮರೆತದ್ದಂತೆ! ನಾನು ಬಾಯಿ ತೆರೆಯುವಷ್ಟರಲ್ಲಿ ಜಯಮ್ಮ ಎದ್ದಳು. "ಕಳಿಸುವಾಗ ಎಲ್ಲರ ಮುಂದೆ ಹೇಳಿದ್ರಿ ಸಾರ್. ಇದನ್ನೂ ಎಲ್ಲರ ಮುಂದೆ ಹೇಳಿ."

ಅವನು ಫೋನು ಎತ್ತಿಕೊಂಡ. ಅವಳು ನೇರವಾಗಿ ವಾರ್ಡಿನ ಮುಂದಿನ ಹಜಾರಕ್ಕೆ ಹೋದಳು. ನರ್ಸುಗಳು, ಆಯಾಗಳು, ಬೆಂಚಿನ ಮೇಲೆ ಬಸುರಿಯರು. ಅವರೆಲ್ಲರ ಮುಂದೆ ನಿಂತು ಒಂದೊಂದೇ ಅಕ್ಷರ ಒತ್ತಿ ಓದಿದಳು: "ಮಕ್ಕಳ ಸೋಂಕು ಜಯಮ್ಮನವರಿಂದ ಬಂದದ್ದಲ್ಲ. ಅವರು ಆರೋಗ್ಯವಾಗಿದ್ದಾರೆ."

ಕಸ ಗುಡಿಸುವ ಲಲಿತಮ್ಮ ಪೊರಕೆ ಕೆಳಗಿಟ್ಟು ಕೇಳಿದಳು: "ಮತ್ತೆ ಡಾಕ್ಟರ್‌ಗಳ ಮೂಗು ನೋಡಿದ್ರಾ?"

ವಾಪಸ್ ಬಸ್ಸಿನಲ್ಲಿ ನನ್ನ ಸಿಟ್ಟು ಇಳಿದಿರಲಿಲ್ಲ. "ಆ ಜಾಗಕ್ಕೆ ಮತ್ತೆ ಹೋಗ್ತೀಯೇನೇ?" ಎಂದು ಗದರಿದೆ.

ಜಯಮ್ಮ ಕಿಟಕಿಯಿಂದ ಹಿಂದೆ ನೋಡುತ್ತಿದ್ದಳು. "ಹೋಗ್ತೀನಿ. ಕೂಸುಗಳು ನಂಗೇನ್ ಮಾಡಿದ್ವು ಅತ್ತಿಗೆ?"